ಸಾಂಕ್ರಾಮಿಕದ ದಿನಗಳಲ್ಲಿ ರಕ್ತದಾನ: ಯಾವಾಗ ಬರಬೇಕು, ಹೇಗೆ ಬರಬೇಕು

ರಕ್ತನಿಧಿಯಲ್ಲಿ ದಾನಿಗಳ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಯಾರು ಯಾವಾಗ ರಕ್ತ ಕೊಟ್ಟಿದ್ದಾರೆ, ಮತ್ತೆ ಯಾವಾಗ ಕೊಡಬಹುದು, ಯಾರನ್ನು ಕರೆದರೆ ಬರುತ್ತಾರೆ, ಯಾರು ‘ಖಂಡಿತ ಬರುತ್ತೇನೆ’ ಎಂದು ಹೇಳಿ ಆ ದಿನ ಫೋನ್ ಆರಿಸಿಡುತ್ತಾರೆ, ಎಲ್ಲವೂ ನನಗೆ ಗೊತ್ತು. ಕೋವಿಡ್ ಕಾಲದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಫೋನಿನಲ್ಲೇ ನಡೆಯಿತು. ಆಗ ಗಂಟಲು ಒಣಗುವಷ್ಟು ಸಲ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ. ಮುಂದಿನ ಸಾಂಕ್ರಾಮಿಕ ಯಾವ ಹೆಸರಿನಲ್ಲಿ ಬಂದರೂ ರಕ್ತನಿಧಿಯೊಳಗೆ ಆಗುವ ಪಾಡು ಹೆಚ್ಚುಕಡಿಮೆ ಇದೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಾಲದಲ್ಲಿ ರಕ್ತ ಕೊಡಲು ಎಂಟೆದೆ ಬೇಕಾಗಿಲ್ಲ, ಹೇಳಿದ ದಿನ ತಪ್ಪದಿದ್ದರೆ ಸಾಕು. ಟಿವಿಯಲ್ಲಿ ಮನವಿ ಬಂದ ಮರುದಿನ ಬಾಗಿಲ ಮುಂದೆ ಸಾಲುಗಟ್ಟುವವರಿಗಿಂತ, ಯಾರೂ ನೆನಪಿಸದ ಒಂದು ಮಂಗಳವಾರ ಮಧ್ಯಾಹ್ನ ಸದ್ದಿಲ್ಲದೆ ಬಂದು ಕೊಟ್ಟು ಹೋಗುವವರಿಂದ ನಮಗೆ ಹೆಚ್ಚು ಉಪಕಾರ. ಅದು ಏಕೆಂದು ತಿಳಿಯಬೇಕಾದರೆ ರಕ್ತ ಎಷ್ಟು ದಿನ ಬಾಳುತ್ತದೆ ಎಂಬುದನ್ನು ನೋಡಬೇಕು.

ಚೀಲದ ಮೇಲಿನ ತಾರೀಖು

ದಾನಿಯಿಂದ ಒಂದು ಸಲಕ್ಕೆ ಸಾಮಾನ್ಯವಾಗಿ 350 ಅಥವಾ 450 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಅದನ್ನು ಯಂತ್ರದಲ್ಲಿ ತಿರುಗಿಸಿ ಕೆಂಪು ಕಣ, ಪ್ಲಾಸ್ಮಾ (ರಕ್ತದ ದ್ರವಭಾಗ), ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಎಂದು ಬೇರ್ಪಡಿಸುತ್ತಾರೆ. ಪ್ಲಾಸ್ಮಾ ಹೆಪ್ಪುಗಟ್ಟಿಸಿಟ್ಟರೆ ಒಂದು ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು ಕಾಲ ಇರುತ್ತದೆ. ಅದರ ಚಿಂತೆ ನಮಗೆ ಅಷ್ಟಿಲ್ಲ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಚೀಲದಲ್ಲಿರುವ ಸಂರಕ್ಷಕ ದ್ರಾವಣ ಯಾವುದು ಎಂಬುದರ ಮೇಲೆ ಅವು 35 ಅಥವಾ 42 ದಿನ ಬಾಳುತ್ತವೆ. ಅಷ್ಟಾದ ಮೇಲೆ ಯಾರಿಗೂ ಏರಿಸುವಂತಿಲ್ಲ.

ಕಷ್ಟವಿರುವುದು ಪ್ಲೇಟ್‌ಲೆಟ್‌ಗಳದು. ಅವನ್ನು ಫ್ರಿಜ್ಜಿನಲ್ಲಿ ಇಡುವ ರೂಢಿಯಿಲ್ಲ. 20ರಿಂದ 24 ಡಿಗ್ರಿ ಬಿಸಿಯಲ್ಲಿ, ಹಗಲೂ ರಾತ್ರಿ ಅಲ್ಲಾಡುವ ತಟ್ಟೆಗಳ ಮೇಲೆ ಮಲಗಿಸಿಡಬೇಕು. ಅಲ್ಲಾಟ ನಿಂತರೆ ಕಣಗಳು ಸೊರಗುತ್ತವೆ. ಕೊಡುವ ಮೊದಲು ತಂತ್ರಜ್ಞರು ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ಒಳಗಿನ ಹೊಂಬಣ್ಣದ ದ್ರವದಲ್ಲಿ ಮಿನುಗುವ ಸುಳಿ ಎದ್ದರೆ ಕಣಗಳು ಚೆನ್ನಾಗಿವೆ ಎಂದರ್ಥ, ಮಂಕಾಗಿ ನಿಂತರೆ ಅನುಮಾನ. ಇಷ್ಟೆಲ್ಲ ಉಪಚಾರ ಮಾಡಿದರೂ ಅವುಗಳ ಆಯುಷ್ಯ 5 ದಿನ, ಬ್ಯಾಕ್ಟೀರಿಯಾ ಪರೀಕ್ಷೆಯ ಹೆಚ್ಚಿನ ವ್ಯವಸ್ಥೆ ಇರುವಲ್ಲಿ 7 ದಿನ. ಅದರಲ್ಲೂ ಒಂದೆರಡು ದಿನ ಸೋಂಕು ಪರೀಕ್ಷೆಗಳಿಗೇ ಕಳೆದುಹೋಗುತ್ತದೆ. ಲಾಕ್‌ಡೌನಿನ ಶುರುವಿನಲ್ಲಿ ನಮ್ಮ ಯಂತ್ರ ಖಾಲಿ ತಟ್ಟೆಗಳನ್ನೇ ತೂಗುತ್ತಿದ್ದ ದಿನಗಳಿದ್ದವು. ಆ ಟಕ್ ಟಕ್ ಸದ್ದು ಕೇಳುತ್ತಾ ಫೋನ್ ಹಚ್ಚುವುದಿದೆಯಲ್ಲ, ಅದು ಯಾರಿಗೂ ಬೇಡ.

ಈಗ ಲೆಕ್ಕ ಹಾಕಿ. ಮನವಿ ಕೇಳಿ ಒಂದೇ ಭಾನುವಾರ 200 ಜನ ಬಂದರು ಎನ್ನೋಣ. ಪ್ಲೇಟ್‌ಲೆಟ್‌ಗಳಲ್ಲಿ ದೊಡ್ಡ ಪಾಲು ಆ ವಾರವೇ ಬಳಕೆಯಾಗದೆ ಹೋಗುತ್ತದೆ. ಕೆಂಪು ಕಣದ ಚೀಲಗಳೆಲ್ಲ ಐದಾರು ವಾರಗಳಲ್ಲಿ ಒಟ್ಟಿಗೆ ಅವಧಿ ಮುಗಿಸುತ್ತವೆ. ಆ 200 ಜನರನ್ನು ಮತ್ತೆ ಕರೆಯೋಣವೆಂದರೆ ದೇಶದೇಶದ ನಿಯಮದಂತೆ 8ರಿಂದ 16 ವಾರ ಅವರಾರೂ ಕೊಡುವಂತಿಲ್ಲ. ಅಂದರೆ ಎರಡನೇ ತಿಂಗಳಲ್ಲಿ ರಕ್ತವೂ ಇಲ್ಲ, ದಾನಿಯೂ ಇಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಜನ ರಕ್ತ ಕೊಡಲು ಮುಗಿಬಿದ್ದರು. ಬದುಕುಳಿದ ಗಾಯಾಳುಗಳಿಗೆ ಬೇಕಾದದ್ದು ಅದರಲ್ಲಿ ಅತಿ ಸ್ವಲ್ಪ, ಎಷ್ಟೋ ಚೀಲಗಳು ಅವಧಿ ಮೀರಿ ಹೋದವು. ಅಂಥದ್ದೊಂದು ದಿನದ ದುರಂತವನ್ನು ಆ ವ್ಯವಸ್ಥೆ ಹೇಗೋ ತಾಳಿಕೊಂಡಿತು. ತಿಂಗಳುಗಟ್ಟಲೆ ಎಳೆಯುವ ಸಾಂಕ್ರಾಮಿಕದಲ್ಲಿ ಹಾಗಾದರೆ ತಾಳಿಕೊಳ್ಳಲು ಆಗುವುದಿಲ್ಲ.

ರಕ್ತ ಬೇಕಾದವರು ಕಡಿಮೆಯಾದರೆ?

‘ಆಪರೇಷನ್‌ಗಳೆಲ್ಲ ಮುಂದಕ್ಕೆ ಹೋಗಿವೆಯಂತೆ, ರಸ್ತೆಯಲ್ಲಿ ವಾಹನವೇ ಇಲ್ಲ, ಅಪಘಾತವೂ ಇಲ್ಲ. ನಿಮಗೆ ರಕ್ತ ಏಕೆ ಬೇಕು?’ ಎಂದು ಫೋನಿನಲ್ಲಿ ಕೇಳಿದವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಕೋವಿಡ್‌ನ ಮೊದಲ ಅಲೆಯಲ್ಲಿ ಬಹಳ ಕಡೆ ಬೇಡಿಕೆ ನಿಜವಾಗಿಯೂ ಕುಸಿಯಿತು. ಆದರೆ ಪೂರೈಕೆ ಅದಕ್ಕಿಂತ ಬೇಗ ಕುಸಿಯಿತು. ಕಾಲೇಜು, ಕಾರ್ಖಾನೆ, ಕಚೇರಿಗಳಲ್ಲಿ ನಡೆಯುತ್ತಿದ್ದ ಶಿಬಿರಗಳು ಒಂದೇ ವಾರದಲ್ಲಿ ನಿಂತವು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು 2020ರ ಮಾರ್ಚ್ 11ರಂದು. ಅದಾಗಿ ಒಂದು ವಾರ ಕಳೆಯುವುದರೊಳಗೆ ಅಮೆರಿಕದ ರೆಡ್ ಕ್ರಾಸ್ ಸುಮಾರು 2,700 ಶಿಬಿರಗಳು ರದ್ದಾಗಿವೆ, ಬರಬೇಕಿದ್ದ ಸುಮಾರು 86,000 ದಾನಗಳು ತಪ್ಪಿವೆ ಎಂದು ಹೇಳಿತು. ಶಿಬಿರವನ್ನೇ ನಂಬಿದ್ದ ರಕ್ತನಿಧಿಗಳದ್ದು ಒಂದು ಪಾಡು. ರೋಗಿಯ ನೆಂಟರು ಬಂದು ಬದಲಿ ರಕ್ತ ಕೊಡಬೇಕು ಎಂಬ ಪದ್ಧತಿಯ ಮೇಲೆ ನಡೆಯುತ್ತಿದ್ದವುಗಳದ್ದು ಇನ್ನೂ ಕಷ್ಟ, ಏಕೆಂದರೆ ನೆಂಟರನ್ನು ಆಸ್ಪತ್ರೆಯ ಬಾಗಿಲಿಗೇ ಬಿಡುತ್ತಿರಲಿಲ್ಲ.

ಇನ್ನು ಕೆಲವು ಬೇಡಿಕೆಗಳು ಯಾವ ನಿರ್ಬಂಧಕ್ಕೂ ಬಗ್ಗುವುದಿಲ್ಲ. ತೀವ್ರ ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೆಂಪು ಕಣ ಬೇಕು, ಸಾಮಾನ್ಯವಾಗಿ ಬದುಕಿನುದ್ದಕ್ಕೂ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ಪ್ಲೇಟ್‌ಲೆಟ್ ಇಳಿದರೆ ನಾಳೆಗೆ ಎನ್ನುವಂತಿಲ್ಲ. ಹೆರಿಗೆಯಲ್ಲಿ ರಕ್ತಸ್ರಾವವಾದರೆ ಗಂಟೆಗಳಲ್ಲ, ನಿಮಿಷಗಳ ಲೆಕ್ಕ. ಹಾಗಾಗಿ ‘ಈಗ ಬೇಡವೇನೋ’ ಎಂದು ನೀವೇ ತೀರ್ಮಾನ ಮಾಡಿಕೊಂಡು ಮನೆಯಲ್ಲಿ ಕೂರಬೇಡಿ. ಬೇಕೋ ಬೇಡವೋ ಎಂಬುದನ್ನು ರಕ್ತನಿಧಿಯೇ ಹೇಳಲಿ. ಅವರ ಕಣ್ಣ ಮುಂದೆ ಫ್ರಿಜ್ಜಿದೆ.

ಮೊದಲು ತಿಳಿಯಬೇಕಾದದ್ದು: ರೋಗ ಹರಡುವ ದಾರಿ

ಹೊಸ ರೋಗ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ರಕ್ತದ ಮೂಲಕ ಹರಡುತ್ತದೆಯೇ ಎಂಬುದು. ಉಸಿರಾಟದ ಸೋಂಕುಗಳ ಚರಿತ್ರೆ ಈ ವಿಷಯದಲ್ಲಿ ಸಮಾಧಾನ ಕೊಡುತ್ತದೆ. 2003ರ ಸಾರ್ಸ್ ಇರಲಿ, ಕೋವಿಡ್ ಇರಲಿ, ರಕ್ತ ಪಡೆದುದರಿಂದಲೇ ಆ ಸೋಂಕು ತಗಲಿತು ಎಂದು ಖಚಿತವಾದ ಪ್ರಕರಣ ದಾಖಲಾಗಿಲ್ಲ. ಕೆಲವು ದಾನಿಗಳ ರಕ್ತದಲ್ಲಿ ಕೊರೊನಾ ವೈರಾಣುವಿನ ತುಣುಕುಗಳು ಅತಿ ಕಡಿಮೆ ಪ್ರಮಾಣದಲ್ಲಿ ಕಂಡಿದ್ದವು, ಆದರೆ ಅದರಿಂದ ರೋಗಿಗೆ ಕಾಯಿಲೆ ಬಂದದ್ದು ಕಾಣಲಿಲ್ಲ. ಎಲ್ಲ ವೈರಾಣುಗಳೂ ಹೀಗೆ ಸಭ್ಯವಾಗಿರುವುದಿಲ್ಲ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ, ಸಿ ರಕ್ತದ ಮೂಲಕವೂ ಹರಡುತ್ತವೆ. ಅದಕ್ಕೇ ಪ್ರತಿ ಚೀಲಕ್ಕೂ ಆ ಪರೀಕ್ಷೆಗಳು. ಸೊಳ್ಳೆಯಿಂದ ಬರುವ ಝೀಕಾ ವೈರಾಣುವಿಗಾಗಿ ಅಮೆರಿಕದಲ್ಲಿ 2016ರಲ್ಲಿ ಎಲ್ಲ ದಾನಗಳನ್ನೂ ಪರೀಕ್ಷಿಸಬೇಕೆಂದು ಸೂಚನೆ ಹೊರಟಿತ್ತು. ಆದ್ದರಿಂದ ಕಳೆದ ಸಲದ ನಿಯಮವನ್ನು ಮುಂದಿನ ಸಲಕ್ಕೆ ಹಾಗೆಯೇ ಅಂಟಿಸಬೇಡಿ.

ದಾನಿಗೆ ಸೂಜಿಯಿಂದ ಏನೂ ತಗಲುವುದಿಲ್ಲ. ಸೂಜಿ, ಕೊಳವೆ, ಚೀಲ ಮೂರೂ ಒಂದಕ್ಕೊಂದು ಜೋಡಿಸಿಯೇ ಬರುತ್ತವೆ, ಒಬ್ಬರಿಗೆ ಬಳಸಿದ ಮೇಲೆ ಸೂಜಿ ಕಸಕ್ಕೆ. ನಿಮ್ಮ ಕಣ್ಣೆದುರೇ ಪೊಟ್ಟಣ ಬಿಚ್ಚುತ್ತಾರೆ, ನೋಡಿಕೊಳ್ಳಿ. ಅಪಾಯ ಇರುವುದು ಪಕ್ಕದಲ್ಲಿ ಕುಳಿತವರ ಉಸಿರಿನಲ್ಲಿ. ಸಾಂಕ್ರಾಮಿಕದ ಕಾಲದ ರಕ್ತದಾನದ ಎಚ್ಚರಿಕೆಗಳೆಲ್ಲ ಇರುವುದು ಇದೊಂದರ ಸುತ್ತ.

‘ಕೊಟ್ಟರೆ ರೋಗನಿರೋಧಕ ಶಕ್ತಿ ಕುಗ್ಗುವುದಿಲ್ಲವೇ ಮೇಡಂ?’ ಎಂದು ಕೇಳದ ದಾನಿ ಆ ವರ್ಷ ಅಪರೂಪ. ಕುಗ್ಗುವುದಿಲ್ಲ. ಹೋದ ದ್ರವಾಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ಕೆಲವು ವಾರ ಬೇಕು. ನಿಧಾನವಾಗಿ ತುಂಬುವುದು ಕಬ್ಬಿಣಾಂಶ. ಪೂರ್ತಿ ಪ್ರಮಾಣದ ಒಂದು ದಾನದಲ್ಲಿ 200ರಿಂದ 250 ಮಿಲಿಗ್ರಾಂ ಹೋಗುತ್ತದೆ. ಪದೇ ಪದೇ ಕೊಡುವವರು, ಅದರಲ್ಲೂ ಮುಟ್ಟಾಗುವ ವಯಸ್ಸಿನ ಹೆಂಗಸರು, ಕಬ್ಬಿಣದ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಹೊರಡುವ ಮೊದಲು ಫೋನ್ ಮಾಡಿ

ನೇರವಾಗಿ ಬಂದು ನಿಲ್ಲುವ ಕಾಲ ಇದಲ್ಲ. ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಳ್ಳಿ. ನಿಮ್ಮ ರಕ್ತದ ಗುಂಪು, ಹಿಂದಿನ ಸಲ ಕೊಟ್ಟ ದಿನ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಕೈಯಲ್ಲಿರಲಿ. ‘ನನ್ನ ಗುಂಪು ಈ ವಾರ ಬೇಕೇ, ಮುಂದಿನ ವಾರ ಬೇಕೇ?’ ಎಂದು ಕೇಳಿ. ಈ ಒಂದು ಪ್ರಶ್ನೆ ಕೇಳುವ ದಾನಿಯ ಹೆಸರಿನ ಮುಂದೆ ನಾನು ನಕ್ಷತ್ರ ಹಾಕಿಕೊಳ್ಳುತ್ತೇನೆ. ಮುಂದಿನ ವಾರ ಬನ್ನಿ ಎಂದರೆ ಬೇಸರ ಪಟ್ಟುಕೊಳ್ಳಬೇಡಿ, ಅದು ನಿರಾಕರಣೆಯಲ್ಲ. ಓ ನೆಗೆಟಿವ್‌ನವರನ್ನು ಮಾತ್ರ ಹೆಚ್ಚು ಹೊತ್ತು ಕಾಯಿಸುವುದಿಲ್ಲ. ಗುಂಪು ಪರೀಕ್ಷಿಸಲು ಸಮಯವಿಲ್ಲದ ತುರ್ತಿನಲ್ಲಿ ಯಾರಿಗೆ ಬೇಕಾದರೂ ಏರಿಸಬಹುದಾದ ಕೆಂಪು ಕಣ ಅವರದ್ದು.

ಆಮೇಲೆ ನಾವು ಕೇಳುವ ಪ್ರಶ್ನೆಗಳು ಬರುತ್ತವೆ. ಜ್ವರ, ಕೆಮ್ಮು, ಗಂಟಲು ನೋವು ಇದೆಯೇ? ಮನೆಯಲ್ಲಿ ಯಾರಿಗಾದರೂ ಇದೆಯೇ? ಸೋಂಕಿತರ ಹತ್ತಿರ ಇದ್ದಿರಾ? ನಿಮಗೇ ಸೋಂಕಾಗಿತ್ತೇ, ವಾಸಿಯಾಗಿ ಎಷ್ಟು ದಿನವಾಯಿತು? ಕೋವಿಡ್‌ನ ಮೊದಲ ವರ್ಷ ಹಲವೆಡೆ ವಾಸಿಯಾದ ಮೇಲೆ 14ರಿಂದ 28 ದಿನ ಕಾಯಿಸುತ್ತಿದ್ದರು, ಆಮೇಲೆ ನಿಯಮ ಸಡಿಲವಾಯಿತು. ನೆರೆಮನೆಯವರು ಹೋದ ತಿಂಗಳು ಹೇಳಿದ್ದನ್ನು ನಂಬಿ ಬರಬೇಡಿ, ಇಂಥ ಕಾಲದಲ್ಲಿ ಸುತ್ತೋಲೆಗಳು ವಾರವಾರಕ್ಕೂ ಬದಲಾಗುತ್ತವೆ. ಜ್ವರದ ಮಾತ್ರೆ ನುಂಗಿ ಮೈ ತಣ್ಣಗೆ ಮಾಡಿಕೊಂಡು ಬರುವವರು ಇದ್ದಾರೆ, ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ದಯವಿಟ್ಟು ಬೇಡ. ನಮ್ಮ ತಂತ್ರಜ್ಞರೊಬ್ಬರು ಮಲಗಿದರೆ ಅವರ ಸಂಗಡ ಕೆಲಸ ಮಾಡಿದವರೆಲ್ಲ ಮನೆಯಲ್ಲಿ ಕೂರಬೇಕಾಗುತ್ತದೆ, ಆಮೇಲೆ ನೂರು ದಾನಿಗಳು ಬಂದರೂ ರಕ್ತ ತೆಗೆಯುವವರು ಇರುವುದಿಲ್ಲ.

ಲಸಿಕೆಯ ವಿಷಯದಲ್ಲಿ ಗೊಂದಲ ಹೆಚ್ಚು. ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆಯಾದರೆ ಸಾಮಾನ್ಯವಾಗಿ ನಾಲ್ಕು ವಾರ ಕಾಯಿಸುತ್ತಾರೆ. ನಿಷ್ಕ್ರಿಯ ವೈರಾಣುವಿನದ್ದು ಅಥವಾ ಎಂಆರ್‌ಎನ್‌ಎ ಲಸಿಕೆಯಾದರೆ ಹಲವು ದೇಶಗಳು ಮೈ ಹುಷಾರಾಗಿದ್ದರೆ ಕಾಯಿಸುವುದೇ ಇಲ್ಲ, ಇನ್ನು ಕೆಲವು ಒಂದೆರಡು ವಾರ ಎನ್ನುತ್ತವೆ. ನಿಮಗೆ ಬಿದ್ದದ್ದು ಯಾವ ಲಸಿಕೆ ಎಂಬ ಚೀಟಿಯ ಚಿತ್ರ ಮೊಬೈಲಿನಲ್ಲಿ ಇದ್ದರೆ ಅರ್ಧ ಮಾತು ಉಳಿಯುತ್ತದೆ. ಲಸಿಕೆಯ ಸರದಿ ಹತ್ತಿರ ಬಂದಿದ್ದರೆ ಮೊದಲು ರಕ್ತ ಕೊಟ್ಟು, ನಾಲ್ಕಾರು ದಿನ ಸುಧಾರಿಸಿಕೊಂಡು ಲಸಿಕೆ ಹಾಕಿಸಿಕೊಳ್ಳುವುದು ನನ್ನ ಸಲಹೆ. ಆದರೆ ರಕ್ತದಾನಕ್ಕಾಗಿ ಲಸಿಕೆಯನ್ನು ತಿಂಗಳು ಮುಂದೂಡಬೇಡಿ.

ತಮಗೆ ಸೋಂಕಾಗಿ ಹೋಗಿದೆಯೋ ಎಂದು ತಿಳಿದುಕೊಳ್ಳಲು ರಕ್ತ ಕೊಡುವುದು ಕೆಟ್ಟ ಅಭ್ಯಾಸ. 2020ರಲ್ಲಿ ಅಮೆರಿಕದ ರೆಡ್ ಕ್ರಾಸ್‌ನಂಥ ಸಂಸ್ಥೆಗಳು ದಾನಿಗಳಿಗೆ ಪ್ರತಿಕಾಯ (ಸೋಂಕಿನ ವಿರುದ್ಧ ಮೈ ತಯಾರಿಸುವ ಅಂಶ) ಪರೀಕ್ಷೆಯನ್ನು ಪುಕ್ಕಟೆಯಾಗಿ ಮಾಡಿಕೊಟ್ಟವು. ಅದರಿಂದ ದಾನಿಗಳೂ ಬಂದರು, ಸೋಂಕು ಎಷ್ಟು ಹರಡಿದೆ ಎಂಬ ಅಂದಾಜೂ ಸಿಕ್ಕಿತು ಎಂಬುದು ನಿಜ. ಆದರೂ ನನಗೆ ಅದು ಸರಿ ಕಾಣಲಿಲ್ಲ. ತನಗೆ ಏನೋ ತಗಲಿರಬಹುದೆಂಬ ಅನುಮಾನ ಇರುವವನನ್ನು ಪರೀಕ್ಷೆಯ ಆಸೆ ತೋರಿಸಿ ರಕ್ತನಿಧಿಗೆ ಕರೆಯಬಾರದು ಎಂಬುದು ಎಚ್‌ಐವಿ ಕಾಲದಿಂದ ನಾವು ಕಲಿತ ಪಾಠ.

ಆ ದಿನ

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಹಸಿದು ಬರಬೇಡಿ, ಎಣ್ಣೆ ಜಿಡ್ಡು ಹೆಚ್ಚಿರುವುದನ್ನು ತಿಂದು ಬಂದರೂ ಪ್ಲಾಸ್ಮಾ ಹಾಲುಹಾಲಾಗಿ ಕೆಲಸಕ್ಕೆ ಬಾರದೆ ಹೋಗಬಹುದು. ಪ್ಲೇಟ್‌ಲೆಟ್ ಕೊಡುವವರು ಆಸ್ಪಿರಿನ್ ನುಂಗಿದ್ದರೆ ಮೊದಲೇ ಹೇಳಬೇಕು. ಒಬ್ಬರೇ ಬನ್ನಿ. ಧೈರ್ಯಕ್ಕೆಂದು ಕರೆತರುವ ಗೆಳೆಯ, ಸುಮ್ಮನೆ ನೋಡಲೆಂದು ಬರುವ ಮಗು, ಯಾರೂ ಬೇಡ. ಓಡಾಟಕ್ಕೆ ನಿರ್ಬಂಧವಿದ್ದಾಗ ರಕ್ತದಾನದ ಪ್ರಯಾಣವನ್ನು ಹಲವು ದೇಶಗಳು ಅಗತ್ಯವೆಂದೇ ಒಪ್ಪಿದ್ದವು. ಹೊತ್ತು ಗೊತ್ತುಮಾಡಿದ ಸಂದೇಶವನ್ನೂ ಗುರುತಿನ ಚೀಟಿಯನ್ನೂ ಇಟ್ಟುಕೊಂಡರೆ ದಾರಿಯಲ್ಲಿ ವಾದ ಮಾಡುವುದು ತಪ್ಪುತ್ತದೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂದು ಕೂರುವುದನ್ನು ಬೇರೆ ಕಾಲದಲ್ಲಿ ಶಿಸ್ತು ಎನ್ನುತ್ತೇವೆ. ಈಗ ಅದು ಒಳಗೆ ಜನ ಜಾಸ್ತಿ ಮಾಡಿದಂತೆ.

ಬಾಗಿಲಲ್ಲಿ ಮೈ ಬಿಸಿ ನೋಡುತ್ತಾರೆ, ಕೈ ತೊಳೆಸುತ್ತಾರೆ, ಹೊಸ ಮಾಸ್ಕ್ ಕೊಡಬಹುದು. ಬೆರಳ ತುದಿಯಿಂದ ಒಂದು ಹನಿ ತೆಗೆದು ಹಿಮೋಗ್ಲೋಬಿನ್ ನೋಡುತ್ತಾರೆ, 100 ಮಿಲಿಲೀಟರ್ ರಕ್ತಕ್ಕೆ 12.5 ಗ್ರಾಂ ಎಂಬುದು ಬಹಳ ಕಡೆಯ ಕನಿಷ್ಠ ಮಿತಿ. ಮಂಚಕ್ಕೆ ಹೋಗುವ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ. ತಲೆ ಸುತ್ತಿ ಬೀಳುವ ಸಂಭವವನ್ನು ಇದು ನಿಜವಾಗಿಯೂ ತಗ್ಗಿಸುತ್ತದೆ. ಸೂಜಿ ಒಳಗಿರುವಾಗ ಕಾಲುಗಳನ್ನು ಒಂದರ ಮೇಲೊಂದು ಹಾಕಿ ತೊಡೆಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದೂ ಹಾಗೆಯೇ.

ಮಾಸ್ಕ್ ತಂದಿಟ್ಟ ಒಂದು ತೊಂದರೆಯನ್ನು ಹೊರಗಿನವರು ಊಹಿಸಲಾರರು. ದಾನಿಗೆ ತಲೆ ಸುತ್ತುವ ಮೊದಲು ತುಟಿ ಬಿಳಿಚಿಕೊಳ್ಳುತ್ತದೆ. ಅನುಭವವಿರುವ ನರ್ಸ್ ಚೀಲವನ್ನು ನೋಡುವುದಕ್ಕಿಂತ ಹೆಚ್ಚಾಗಿ ತುಟಿಯನ್ನು ನೋಡುತ್ತಾರೆ. ಮಾಸ್ಕ್ ಬಂದ ಮೇಲೆ ಆ ಸುಳಿವು ಮುಚ್ಚಿಹೋಯಿತು. ನಮ್ಮವರು ಹಣೆಯ ಮೇಲಿನ ಬೆವರಿನ ಹನಿ, ನಿಧಾನವಾಗುವ ಕಣ್ಣರೆಪ್ಪೆ, ತಡವಾಗಿ ಬರುವ ಉತ್ತರ ಇವುಗಳನ್ನು ಓದಲು ಕಲಿತರು. ಸುಮ್ಮನೆ ‘ಏನು ಕೆಲಸ ಮಾಡುತ್ತೀರಿ, ಹಿಂದೆ ಎಲ್ಲಿ ಕೊಟ್ಟಿದ್ದಿರಿ’ ಎಂದು ಮಾತಾಡಿಸುತ್ತಾರಲ್ಲ, ಅದು ಕಾಲಹರಣವಲ್ಲ, ನಿಮ್ಮ ಎಚ್ಚರವನ್ನು ಅಳೆಯುತ್ತಿದ್ದಾರೆ. ಮೈ ತಣ್ಣಗಾದಂತೆ, ಕಿವಿಯಲ್ಲಿ ಗುಂಯ್ ಎಂದಂತೆ ಅನಿಸಿದರೆ ನಾಚಿಕೊಳ್ಳದೆ ಹೇಳಿಬಿಡಿ. ಅತ್ತಿತ್ತ ಓಲಾಡುವ ಸಣ್ಣ ತಕ್ಕಡಿಯ ಮೇಲೆ ಚೀಲ ತುಂಬಲು ಐದರಿಂದ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಮಾಸ್ಕ್ ಕೆಳಗಿಳಿಸಿ, ಹೆಬ್ಬೆರಳೆತ್ತಿ ಫೋಟೊ ತೆಗೆಸಿಕೊಳ್ಳಲೇಬೇಕೇ ಎಂಬುದನ್ನು ನಿಮ್ಮ ವಿವೇಚನೆಗೆ ಬಿಡುತ್ತೇನೆ.

ಸೂಜಿ ತೆಗೆದ ಮೇಲೆ ಕೂರಿಸಿ ಕುಡಿಯಲು ಕೊಡುವ ಕೋಣೆ ಇಡೀ ಕಟ್ಟಡದಲ್ಲಿ ನನ್ನ ನಿದ್ದೆಗೆಡಿಸಿದ ಜಾಗ. ಎಲ್ಲರೂ ಮಾಸ್ಕ್ ತೆಗೆಯುವುದು ಅಲ್ಲಿ ಮಾತ್ರ. ಕೆಲಸ ಮುಗಿದ ನಿರಾಳದಲ್ಲಿ ಅಪರಿಚಿತರೂ ಹರಟೆಗೆ ಕೂರುವುದು ಅಲ್ಲೇ. ಹಾಗೆಂದು ಅಲ್ಲಿ ಕೂರದೆ ಓಡಿಹೋಗಬೇಡಿ; ತಲೆ ಸುತ್ತು ಬರುವುದು ಎಷ್ಟೋ ಸಲ ಎದ್ದು ನಡೆದ ಮೇಲೆ. ಹತ್ತು ಹದಿನೈದು ನಿಮಿಷ ಕೂರಿ, ಕಿಟಕಿಯ ಬಳಿ ಕೂರಿ, ಎದುರಿಗೆ ಯಾರೂ ಇಲ್ಲದ ಕುರ್ಚಿ ಆರಿಸಿ, ಕುಡಿದ ತಕ್ಷಣ ಮಾಸ್ಕ್ ಏರಿಸಿ, ಮಾತನ್ನು ಮನೆಗೆ ಹೋದ ಮೇಲೆ ಫೋನಿನಲ್ಲಿ ಆಡಿ.

ಮನೆಗೆ ಹೋದ ಮೇಲೆ ಒಂದು ಕರೆ

ಬಹುಪಾಲು ಜನ ಮರೆಯುವುದು ಇದನ್ನು. ಕೊಟ್ಟ ಎರಡು ವಾರದೊಳಗೆ ಜ್ವರ ಬಂದರೆ, ಪರೀಕ್ಷೆಯಲ್ಲಿ ಸೋಂಕು ಕಂಡರೆ, ರಕ್ತನಿಧಿಗೆ ಫೋನ್ ಮಾಡಿ ಹೇಳಬೇಕು. ಹೇಳಿದರೆ ಬೈಯುತ್ತಾರೆ ಎಂದೋ, ಕೊಟ್ಟದ್ದೆಲ್ಲ ಹಾಳು ಎನ್ನುತ್ತಾರೆ ಎಂದೋ ಸುಮ್ಮನಿರುತ್ತಾರೆ. ನಿಮ್ಮ ಹೆಸರು ಚೀಲದ ಮೇಲೆ ಇರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ. ನೀವು ಫೋನ್ ಮಾಡಿದ ತಕ್ಷಣ ಆ ಸಂಖ್ಯೆ ಹಿಡಿದು ಕೆಂಪು ಕಣ ಎಲ್ಲಿದೆ, ಪ್ಲೇಟ್‌ಲೆಟ್ ಯಾರಿಗೆ ಹೋಯಿತು, ಪ್ಲಾಸ್ಮಾ ಯಾವ ಪೆಟ್ಟಿಗೆಯಲ್ಲಿದೆ ಎಂದು ಹುಡುಕುತ್ತೇವೆ. ಬಳಸದೆ ಉಳಿದದ್ದನ್ನು ಬದಿಗಿಡುತ್ತೇವೆ. ಏರಿಸಿ ಆಗಿದ್ದರೆ ರೋಗಿಯ ವೈದ್ಯರಿಗೆ ತಿಳಿಸಬೇಕೇ ಎಂದು ನಮ್ಮ ವೈದ್ಯರು ತೀರ್ಮಾನಿಸುತ್ತಾರೆ. ನೀವು ಬಂದ ಹೊತ್ತಿನಲ್ಲಿ ಪಕ್ಕದ ಮಂಚದಲ್ಲಿದ್ದವರಿಗೂ ತಿಳಿಸಬೇಕಾಗಬಹುದು.

ಶಿಬಿರ ನಡೆಸುವವರಿಗೆ

ಶಿಬಿರವನ್ನು ರದ್ದು ಮಾಡಬೇಡಿ, ಚಿಕ್ಕದು ಮಾಡಿ. ನಿಮ್ಮ ಬಳಿ ಅರವತ್ತು ಹೆಸರುಗಳಿದ್ದರೆ ಹದಿನೈದರಂತೆ ನಾಲ್ಕು ವಾರಕ್ಕೆ ಹಂಚಿ. ಯಾವ ಗುಂಪಿನವರು ಯಾವ ವಾರ ಎಂಬುದನ್ನು ರಕ್ತನಿಧಿಯವರ ಜೊತೆ ಕೂತು ಬರೆಯಿರಿ. ದೊಡ್ಡ ಸಂಖ್ಯೆ ಹೇಳಿಕೊಳ್ಳುವ ಸಂತೋಷ ಇದರಲ್ಲಿ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಹವಾನಿಯಂತ್ರಿತ ಸಭಾಂಗಣಕ್ಕಿಂತ ಎರಡೂ ಕಡೆ ಕಿಟಕಿ ತೆರೆಯುವ ಕೋಣೆ ಮೇಲು. ಮಂಚಗಳ ನಡುವೆ ಎರಡು ಮೀಟರ್ ಬಿಡಿ. ನೋಂದಣಿಯಿಂದ ವಿಶ್ರಾಂತಿಯವರೆಗೆ ಒಬ್ಬ ದಾನಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅದನ್ನು ನೋಡಿಕೊಂಡು ಟೋಕನ್ ಕೊಡಿ. ಪ್ರಶ್ನಾವಳಿಯನ್ನು ಹಿಂದಿನ ದಿನವೇ ಫೋನಿನಲ್ಲಿ ಮುಗಿಸಿದರೆ, ಬಂದು ತಿರಸ್ಕೃತರಾಗುವವರು ಕಡಿಮೆಯಾಗುತ್ತಾರೆ, ಬಾಗಿಲಿನ ಗುಂಪೂ ಕರಗುತ್ತದೆ. ಉದ್ಘಾಟನೆ, ಭಾಷಣ ಇವನ್ನೆಲ್ಲ ಬಿಡಲು ಇದಕ್ಕಿಂತ ಒಳ್ಳೆಯ ನೆಪ ಇನ್ನೊಮ್ಮೆ ಸಿಗದು.

‘ತುರ್ತಾಗಿ ರಕ್ತ ಬೇಕು’ ಎಂಬ ಸಂದೇಶ ಕಳಿಸುವವರು ದಯವಿಟ್ಟು ಅದರಲ್ಲಿ ತಾರೀಖು ಬರೆಯಿರಿ, ಆಸ್ಪತ್ರೆ ಯಾವುದೆಂದು ಬರೆಯಿರಿ, ರಕ್ತ ಸಿಕ್ಕಿದ ಮೇಲೆ ‘ಸಿಕ್ಕಿದೆ’ ಎಂದು ಮತ್ತೊಂದು ಸಂದೇಶ ಕಳಿಸಿ. ಎಬಿ ನೆಗೆಟಿವ್ ಬೇಕೆಂಬ ಒಂದು ಸಂದೇಶ, ಆ ರೋಗಿ ಮನೆಗೆ ಹೋಗಿ ಎಷ್ಟೋ ದಿನವಾದ ಮೇಲೂ, ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಿತ್ತು. ಅದರಲ್ಲಿ ‘ಇಂದು ಸಂಜೆಯೊಳಗೆ’ ಎಂದಿತ್ತು. ಯಾವ ಇಂದು ಎಂದು ಇರಲಿಲ್ಲ. ಲಾಕ್‌ಡೌನಿನ ನಡುವೆ ಅದನ್ನು ನಂಬಿ ದೂರದಿಂದ ಬಂದ ಹುಡುಗನೊಬ್ಬನಿಗೆ ವಿಷಯ ಹೇಳಬೇಕಾದವಳು ನಾನು.

ಪ್ಲಾಸ್ಮಾ ಬೇಕು ಎಂದು ಕೇಳಿದರೆ

ಹೊಸ ರೋಗ ಬಂದಾಗಲೆಲ್ಲ, ಗುಣವಾದವರ ಪ್ಲಾಸ್ಮಾವನ್ನು ರೋಗಿಗೆ ಕೊಡೋಣ ಎಂಬ ಯೋಚನೆ ಏಳುತ್ತದೆ. 1918ರ ಫ್ಲೂ ಕಾಲದಲ್ಲೂ ಇದನ್ನು ಮಾಡಿ ನೋಡಿದ್ದರು. (ಆಗ ಇಂದಿನ ಅರ್ಥದ ರಕ್ತನಿಧಿಗಳೇ ಇರಲಿಲ್ಲ, ಆಸ್ಪತ್ರೆಯೊಳಗಿನ ರಕ್ತನಿಧಿ ಎಂಬ ಹೆಸರು ಷಿಕಾಗೊದಲ್ಲಿ ಹುಟ್ಟಿದ್ದು 1937ರಲ್ಲಿ.) ಕೋವಿಡ್‌ನಲ್ಲಿ ಇದರ ಹಿಂದೆ ಜನ ಎಷ್ಟು ಓಡಿದರೆಂದರೆ, ಪ್ಲಾಸ್ಮಾ ದಾನಿಗಳಿಗಾಗಿ ಬಂದ ಕರೆಗಳ ನಡುವೆ ಮಾಮೂಲಿ ರಕ್ತಕ್ಕೆ ಬಂದ ಕರೆಗಳು ಮುಳುಗಿದವು. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆಗೆ ಸೇರಿದ ರೋಗಿಗಳ ಸಾವು ಅದರಿಂದ ತಗ್ಗಲಿಲ್ಲ ಎಂದು 2021ರಲ್ಲಿ ತಿಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, ತೀವ್ರವಲ್ಲದ ರೋಗಿಗಳಿಗೆ ಇದು ಬೇಡ, ತೀವ್ರವಾಗಿರುವವರಿಗೆ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ಎಂದಿತು. ಮುಂದೆ ಇಂಥ ಕೋರಿಕೆ ಬಂದರೆ, ಅದು ಪ್ರಯೋಗದ ಭಾಗವೇ ಎಂದು ಕೇಳಿ. ಪ್ರಯೋಗವಾದರೆ ಸಂತೋಷವಾಗಿ ಕೊಡಿ.

ಅಲೆ ಇಳಿದ ಮೇಲೆ

ನಮಗೆ ದಾನಿ ಅತಿ ಹೆಚ್ಚು ಬೇಕಾಗುವುದು ಸುದ್ದಿಯಲ್ಲಿ ರೋಗದ ಹೆಸರು ಕಡಿಮೆಯಾದಾಗ. ಮುಂದೂಡಿದ ಆಪರೇಷನ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ವಾಹನಗಳು ರಸ್ತೆಗಿಳಿಯುತ್ತವೆ, ತಡವಾಗಿ ಆಸ್ಪತ್ರೆಗೆ ಬಂದವರ ಕಾಯಿಲೆಗಳು ಉಲ್ಬಣಿಸಿರುತ್ತವೆ. ಆದರೆ ಕಾಲೇಜು, ಕಚೇರಿಗಳು ಮೊದಲಿನಂತೆ ತುಂಬಿರುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವವರ ಹತ್ತಿರಕ್ಕೆ ಶಿಬಿರ ಹೋಗುವುದಿಲ್ಲ. ಅಮೆರಿಕದ ರೆಡ್ ಕ್ರಾಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ‘ರಕ್ತದ ಬಿಕ್ಕಟ್ಟು’ ಎಂದು ಘೋಷಿಸಿದ್ದು 2020ರಲ್ಲಲ್ಲ, 2022ರ ಜನವರಿಯಲ್ಲಿ. ಮೊದಲ ತಿಂಗಳ ಮನವಿಗೆ ಓಗೊಟ್ಟು ಬಂದವರಲ್ಲಿ ಎಷ್ಟೋ ಜನ ಆ ಹೊತ್ತಿಗೆ ತಾವು ರಕ್ತದಾನಿಗಳು ಎಂಬುದನ್ನೇ ಮರೆತಿರುತ್ತಾರೆ.

ಆದ್ದರಿಂದ ಮಂಚದಿಂದ ಏಳುವಾಗಲೇ ಮೊಬೈಲ್ ತೆಗೆದು, ಇಂದಿನ ದಿನಕ್ಕೆ ನಿಮ್ಮಲ್ಲಿ ಇರುವ ಕಾಯುವ ಅವಧಿಯನ್ನು ಕೂಡಿಸಿ ಮುಂದಿನ ತಾರೀಖು ಗುರುತು ಮಾಡಿ. ಅಂದು ಬಿಡುವಿಲ್ಲದಿದ್ದರೆ ಒಂದು ವಾರ ಮುಂದೆ ಹಾಕಿ. ಹಿಂದಕ್ಕೆ ತರಲು ಬರುವುದಿಲ್ಲ. ಮನೆ ಬದಲಾಯಿಸಿದರೆ ಹೊಸ ಜಾಗದ ರಕ್ತನಿಧಿಯಲ್ಲಿ ಹೆಸರು ಬರೆಸಿ. ಫೋನ್ ನಂಬರ್ ಬದಲಾದರೂ ಒಂದು ಮಾತು ತಿಳಿಸಿ. ನಮ್ಮ ಪಟ್ಟಿಯ ಹಳೆಯ ನಂಬರುಗಳನ್ನು ಈಗ ಎತ್ತುವವರು ಬೇರೆ ಯಾರೋ. ಬೆಳಗ್ಗೆ ಬೆಳಗ್ಗೆಯೇ ‘ನಿಮ್ಮ ರಕ್ತ ಬೇಕಿತ್ತು’ ಎಂದರೆ ಅವರು ಬೈಯುವುದರಲ್ಲಿ ನನಗೂ ನ್ಯಾಯ ಕಾಣುತ್ತದೆ.